ಕ್ಯಾಟಲಿಟಿಕ್ ಕನ್ವರ್ಟರ್ ತೆಗ್ದು ಖಾಲಿ ಪೈಪ್ ಹಾಕ್ಸು ಅಂತಾರೆ, ಹಾಕ್ಸಬೋದಾ?

ಹದಡಿರೋಡ್_ಹುಡುಗ
ಎಲ್ರಿಗೂ ನಮಸ್ಕಾರ. ನಂದು 2017ರ ಪೆಟ್ರೋಲ್ ಕಾರು, ಬಿಎಸ್ 4 (ಸರ್ಕಾರದ ಹೊಗೆ ಮಿತಿಯ ನಾಕನೇ ಹಂತ), ಓಡಿರೋದು 1,12,000 ಕಿಲೋಮೀಟರ್. ಎರಡು ತಿಂಗಳಿಂದ ಚೆಕ್ ಇಂಜಿನ್ ಲೈಟ್ ಹತ್ಕೊಂಡೇ ಐತಿ, ಪಿಕಪ್ ಇಲ್ಲ, ಮೊನ್ನೆ ದುರ್ಗಕ್ಕೆ ಹೋಗುವಾಗ ಹೈವೇದಾಗೆ ಲಾರಿ ಓವರ್‌ಟೇಕ್ ಮಾಡಾಕೆ ಹೋದ್ರೆ ಗಾಡಿ ಏಳಲೇ ಇಲ್ಲ, ಕಾಲು ಪೂರ್ತಿ ಒತ್ತಿದ್ರೂ 80 ದಾಟ್ಲಿಲ್ಲ, ಹಿಂದ್ಲಿಂದ ಬಸ್ಸು ಹಾರ್ನ್ ಹೊಡ್ಕಂತ ಬಂದಾಗ ಜೀವ ಬಾಯಿಗೆ ಬಂದಿತ್ತು. ಕೆಳಗಡೆಯಿಂದ ಗಲಗಲ ಅಂತ ಸೌಂಡ್ ಬೇರೆ.

ಗ್ಯಾರೇಜಿಗೆ ಒಯ್ದೆ. ಹೊಗೆ ಪೈಪಿನಾಗಿರೋ ಡಬ್ಬಿ, ಅದೇ ಕ್ಯಾಟಲಿಟಿಕ್ ಕನ್ವರ್ಟರ್, ಬ್ಲಾಕ್ ಆಗೈತಿ, ಹೊಸದು 32 ಸಾವಿರ, ಅದೆಲ್ಲ ಯಾಕೆ ತೆಗ್ದು ಒಗ್ದು ಖಾಲಿ ಪೈಪ್ ವೆಲ್ಡ್ ಮಾಡ್ಕೊಡ್ತೀನಿ 1500 ಕೊಡು, ಹಳೇದು ನಂಗೇ ಬಿಡು ಅದಕ್ಕೆ 5000 ನಾನೇ ಕೊಡ್ತೀನಿ ಅಂದ. ಅಂದ್ರೆ ಕೈಗೆ 3500 ಬರ್ತಾವೆ. ಕೇಳಾಕೆ ಚಲೋ ಐತಿ, ಆದ್ರೆ ಕೆಟ್ಟು ಹೋದ ಸಾಮಾನಿಗೆ 5000 ಯಾಕೆ ಕೊಡ್ತಾನೆ ಅನ್ನೋದೇ ನಂಗೆ ತಿಳೀವಲ್ದು.

ಇನ್ನೊಂದು ವಿಷ್ಯ, ನಮ್ಮನೆ ಇರೋದು ಇಕ್ಕಟ್ಟು ಗಲ್ಲಿ, ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದ್ರೆ ಹೊಗೆ ನೇರ ಅಮ್ಮ ಮಲ್ಗೋ ರೂಮಿನ ಕಿಟಕಿಗೆ ಹೋಗ್ತೈತಿ. ಅಮ್ಮಗೆ ಉಬ್ಬಸ ಐತಿ. ಈ ಡಬ್ಬಿ ನಿಜವಾಗ್ಲೂ ಹೊಗೆ ಕ್ಲೀನ್ ಮಾಡ್ತೈತಾ ಇಲ್ಲ ಕಂಪ್ನಿಯೋರು ರೇಟು ಏರ್ಸಾಕೆ ಇಟ್ಟಿರೋದಾ? ಗೊತ್ತಿರೋರು ಹೇಳ್ರಿ.

ಮಂಡಕ್ಕಿ_ಮೆಣಸಿನಕಾಯಿ
ಬೇಡ ಬೇಡ ಬೇಡ. ಒಳಗೆ ಪ್ಲಾಟಿನಂ ಇರ್ತೈತಿ ಮಾರಾಯ, ಅದಕ್ಕೇ 5000 ಕೊಡ್ತೀನಿ ಅಂದಿರೋದು.

ಪಿಬಿರೋಡ್_ರೈಡರ್
ನಾನು ತೆಗ್ಸಿ ಮೂರು ವರ್ಷ ಆತು ಬ್ರೋ. ಏನೂ ಆಗಿಲ್ಲ. ಪಿಕಪ್ ರಾಕೆಟ್ ಇದ್ದಂಗೆ ಐತಿ, ಎಮಿಷನ್ ಟೆಸ್ಟ್ ಕೂಡ ಪಾಸ್ ಆಗೈತಿ ಎರಡು ಸಲ. 32 ಸಾವಿರ ಕೊಟ್ಟು ಹೊಸದು ಹಾಕ್ಸೋದು ದಂಡ. ಮೊದ್ಲು ಗಾಡಿಗಳಿಗೆ ಇದೆಲ್ಲ ಇತ್ತಾ? ನಮ್ಮಪ್ಪನ ಕಾಲದ ಕಾರುಗಳು ಓಡಲಿಲ್ವಾ?

ದುರ್ಗದ_ಕೆಮಿಸ್ಟ್ರಿ_ಮೇಷ್ಟ್ರು
ಹದಡಿರೋಡ್ ತಮ್ಮಾ, ಸ್ವಲ್ಪ ಉದ್ದ ಬರೀತೀನಿ, ಓದು. ಇದು ನಾನು ಪಿಯುಸಿ ಮಕ್ಕಳಿಗೆ ಪ್ರತಿ ವರ್ಷ ಇಷ್ಟಪಟ್ಟು ಮಾಡೋ ಪಾಠ.

ಇಂಜಿನ್ ಒಳಗೆ ಪೆಟ್ರೋಲ್ ಪೂರ್ತಿ ಉರಿದ್ರೆ ಬರಬೇಕಾಗಿದ್ದು ಕಾರ್ಬನ್ ಡೈಆಕ್ಸೈಡ್ ಮತ್ತೆ ನೀರಿನ ಆವಿ, ಅಷ್ಟೇ. ಆದ್ರೆ ಕಣ್ಣು ಮಿಟುಕಿಸೋದ್ರೊಳಗೆ ಹತ್ತಾರು ಸಲ ಉರಿದು ಆರೋ ಬೆಂಕಿ ಅದು, ಪೂರ್ತಿ ಉರಿಯೋಕೆ ಪುರುಸೊತ್ತೇ ಇರಲ್ಲ. ಹಂಗಾಗಿ ಅರ್ಧ ಉರಿದಿದ್ದು ಕಾರ್ಬನ್ ಮೊನಾಕ್ಸೈಡ್ ಆಗಿ ಬರುತ್ತೆ, ಉರಿಯದೇ ಉಳಿದ ಪೆಟ್ರೋಲ್ ಹೈಡ್ರೋಕಾರ್ಬನ್ ಆಗಿ ಬರುತ್ತೆ. ಮೂರನೇದು ಪೆಟ್ರೋಲಿಂದ ಬರೋದಲ್ಲ, ಗಾಳಿಯಿಂದ ಬರೋದು. ನಾವು ಉಸಿರಾಡೋ ಗಾಳೀಲಿ 78 ಪರ್ಸೆಂಟ್ ನೈಟ್ರೋಜನ್ ಇದೆ, ಸಾಮಾನ್ಯವಾಗಿ ಅದು ಯಾರ ಸುದ್ದಿಗೂ ಹೋಗಲ್ಲ, ಆದ್ರೆ ಸಿಲಿಂಡರ್ ಒಳಗಿನ ವಿಪರೀತ ಕಾವಿಗೆ ಅದೂ ಆಕ್ಸಿಜನ್ ಜೊತೆ ಸೇರ್ಕೊಂಡು ನೈಟ್ರಿಕ್ ಆಕ್ಸೈಡ್ ಆಗುತ್ತೆ. ಇದನ್ನೂ ಇದರ ಅಣ್ಣತಮ್ಮಂದಿರನ್ನೂ ಸೇರಿಸಿ ನಾಕ್ಸ್ ಅಂತಾರೆ. ಶ್ವಾಸಕೋಶಕ್ಕೆ ಉರಿ ಹತ್ತಿಸೋದು ಇದೇ. ಉಬ್ಬಸ ಇರೋ ನಿಮ್ಮಮ್ಮನಿಗೆ ದೊಡ್ಡ ಶತ್ರು.

ಈಗ ಡಬ್ಬಿ. ಅದರೊಳಗೆ ಸೆರಾಮಿಕ್‌ನ ಜೇನುಗೂಡು ಇರುತ್ತೆ. ಒಂದು ಚದರ ಇಂಚಿಗೆ 400 ತೂತು ಇರೋದು ತೀರಾ ಮಾಮೂಲಿ, ಕೆಲವದ್ರಲ್ಲಿ 600ಕ್ಕೂ ಜಾಸ್ತಿ. ಆ ತೂತುಗಳ ಗೋಡೆಗೆ ಅಲ್ಯುಮಿನಾ ಪುಡಿಯ ಲೇಪ. ಈ ಅಲ್ಯುಮಿನಾ ಸ್ಪಂಜಿನ ತರ, ಒಂದೇ ಗ್ರಾಂನಲ್ಲಿ ನೂರು ಚದರ ಮೀಟರ್ ಆಸುಪಾಸಿನ ಮೇಲ್ಮೈ ಅಡಗಿಸಿಟ್ಕೊಂಡಿರುತ್ತೆ. ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಕಣಗಳನ್ನ ಚೆಲ್ಲಿರ್ತಾರೆ, ಒಂದೊಂದು ಕಣ ಕೆಲವೇ ನ್ಯಾನೋಮೀಟರ್. ಇಡೀ ಕಾರಿಗೆ ಸೇರಿ ಕೆಲವೇ ಗ್ರಾಂ ಲೋಹ.

ಹೊಗೆ ಆ ತೂತುಗಳಲ್ಲಿ ನುಗ್ಗಿ ಹೋಗುವಾಗ ಆಕ್ಸಿಜನ್ ಅಣು ಪ್ಲಾಟಿನಂ ಮೇಲೆ ಬಂದು ಕೂರುತ್ತೆ, ಕೂತ ತಕ್ಷಣ ಎರಡು ಪರಮಾಣು ಆಗಿ ಒಡೆಯುತ್ತೆ. ಪಕ್ಕದಲ್ಲೇ ಕಾರ್ಬನ್ ಮೊನಾಕ್ಸೈಡ್ ಬಂದು ಕೂತಿರುತ್ತೆ. ಎರಡೂ ಸೇರಿ ಕಾರ್ಬನ್ ಡೈಆಕ್ಸೈಡ್ ಆಗಿ ಎದ್ದು ಹೋಗುತ್ತೆ, ಜಾಗ ಖಾಲಿ, ಮುಂದಿನೋರು ಬಂದು ಕೂರ್ತಾರೆ. ಉರಿಯದ ಪೆಟ್ರೋಲೂ ಹೀಗೇ ಉರಿದು ಮುಗಿಯುತ್ತೆ. ರೋಡಿಯಂ ಕೆಲಸ ಬೇರೆ, ಅದು ನೈಟ್ರಿಕ್ ಆಕ್ಸೈಡನ್ನ ಹಿಡಿದು ನೈಟ್ರೋಜನ್ ಒಂದ್ಕಡೆ ಆಕ್ಸಿಜನ್ ಒಂದ್ಕಡೆ ಮಾಡುತ್ತೆ, ಎರಡು ನೈಟ್ರೋಜನ್ ಜೋಡಿಯಾಗಿ ಮಾಮೂಲಿ ಗಾಳಿಯಾಗಿ ಹೊರಗೆ ಬರುತ್ತೆ. ಇಷ್ಟೆಲ್ಲ ಆದ್ರೂ ಲೋಹ ಒಂಚೂರೂ ಖರ್ಚಾಗಲ್ಲ, ಅದಕ್ಕೇ ಅದನ್ನ ವೇಗವರ್ಧಕ ಅನ್ನೋದು. ಪ್ಲಾಟಿನಂ ಮೇಲೆ ಈ ಕೂರೋದು ಏಳೋದು ಹೆಂಗೆ ನಡೆಯುತ್ತೆ ಅಂತ ಹೆಜ್ಜೆ ಹೆಜ್ಜೆಯಾಗಿ ತೋರಿಸಿದ್ದು ಜರ್ಮನಿಯ ಗೆರ್ಹಾರ್ಡ್ ಎರ್ಟಲ್, ಅವರಿಗೆ 2007ರ ಕೆಮಿಸ್ಟ್ರಿ ನೊಬೆಲ್ ಬಂತು.

ಇದು ಕಂಪನಿಯೋರ ಬರೀ ರೇಟಿನ ಆಟ ಅಲ್ಲ. ನಿಜವಾಗ್ಲೂ ಕೆಲಸ ಮಾಡೋ ಸಾಮಾನು.

ಜಗಳೂರು_ಬಯಲು
ಮೇಷ್ಟ್ರೇ ಒಂದು ಡೌಟು. ಕೊನೆಗೆ ಹೊರಗೆ ಬರೋದು ಕಾರ್ಬನ್ ಡೈಆಕ್ಸೈಡೇ ತಾನೆ? ಅದೇ ಭೂಮಿ ಬಿಸಿ ಮಾಡ್ತೈತೆ ಅಂತ ಎಲ್ರೂ ಬಡ್ಕೊಳ್ತಾರೆ. ಒಂದು ವಿಷ ತೆಗ್ದು ಇನ್ನೊಂದು ವಿಷ ಬಿಟ್ಟಂಗಾತಲ್ಲ?

ದುರ್ಗದ_ಕೆಮಿಸ್ಟ್ರಿ_ಮೇಷ್ಟ್ರು
ಒಳ್ಳೇ ಪ್ರಶ್ನೆ, ಮಕ್ಕಳೂ ಕೇಳ್ತಾರೆ. ಹೌದು, ಕಾರ್ಬನ್ ಡೈಆಕ್ಸೈಡ್ ಕಮ್ಮಿ ಮಾಡೋಕೆ ಈ ಡಬ್ಬಿ ಕೈಲಿ ಆಗಲ್ಲ, ಅದಕ್ಕೆ ಪೆಟ್ರೋಲ್ ಉರಿಸೋದನ್ನೇ ಕಮ್ಮಿ ಮಾಡಬೇಕು. ಆದ್ರೆ ಎರಡನ್ನೂ ಒಂದೇ ತಕ್ಕಡೀಲಿ ತೂಗಬೇಡಿ. ಕಾರ್ಬನ್ ಮೊನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟ್ಕೊಳ್ಳುತ್ತೆ. ವಾಸನೆ ಇಲ್ಲ, ಬಣ್ಣ ಇಲ್ಲ. ಬಾಗಿಲು ಹಾಕಿದ ಶೆಡ್ಡಲ್ಲಿ ಗಾಡಿ ಸ್ಟಾರ್ಟ್ ಇಟ್ಟು ಮಲಗಿದೋರು ಏಳದೇ ಹೋಗೋದು ಇದಕ್ಕೇ. ಡಬ್ಬಿ ಇದ್ರೂ ಶೆಡ್ಡಲ್ಲಿ ಹಾಗೆ ಮಾಡಬಾರದು, ಅದು ಬೇರೆ ಮಾತು.

ಹರಿಹರ_ಗ್ಯಾರೇಜ್_ಅಣ್ಣ
22 ವರ್ಷದಿಂದ ಪಾನಾ ಹಿಡ್ದೀನಿ, ನನ್ ಮಾತೂ ಸ್ವಲ್ಪ ಕೇಳ್ರಪ್ಪ.

ಮೊದ್ಲು ಹದಡಿರೋಡ್ ತಮ್ಮಾ, ಬ್ಲಾಕ್ ಆಗೈತಿ ಅಂತ ಹೆಂಗೆ ಹೇಳಿದ್ರು? ಸ್ಕ್ಯಾನರ್ ಹಾಕಿದ್ರಾ? ಗಾಡಿ ಕಂಪ್ಯೂಟರ್ ತೋರ್ಸೋ ದೋಷದ ಕೋಡ್ ಏನು ಬಂತು? ಸುಮ್ನೆ ಕೆಳಗೆ ಬಗ್ಗಿ ನೋಡಿ ಹೇಳಿದ್ರೆ ನಂಬಬ್ಯಾಡ. ಗಲಗಲ ಸೌಂಡು ಬರೀ ಹೀಟ್ ಶೀಲ್ಡ್ ತಗಡು ಸಡ್ಲಾಗಿದ್ರೂ ಬರ್ತೈತಿ, ಒಂದು ಕ್ಲಾಂಪ್ ಹಾಕಿದ್ರೆ ಮುಗೀತು. ಒಳಗಿನ ಜೇನುಗೂಡು ಒಡೆದಿದ್ರೆ ಗಾಡಿ ತಣ್ಣಗಾದ ಮ್ಯಾಲೆ ಡಬ್ಬಿಗೆ ರಬ್ಬರ್ ಸುತ್ತಿಗೇಲಿ ಮೆತ್ತಗೆ ತಟ್ಟು, ಒಳಗಿಂದ ಕಲ್ಲು ಅಲ್ಲಾಡ್ದಂಗೆ ಕೇಳ್ತೈತಿ. ಬ್ಲಾಕ್ ಐತೋ ಇಲ್ವೋ ನೋಡಾಕೆ ಡಬ್ಬಿಗಿಂತ ಮುಂದಿರೋ ಆಕ್ಸಿಜನ್ ಸೆನ್ಸರ್ ಬಿಚ್ಚಿ ಅದೇ ತೂತಿಗೆ ಪ್ರೆಷರ್ ಗೇಜ್ ಹಾಕ್ತೀವಿ. ಹತ್ತು ನಿಮಿಷದ ಕೆಲ್ಸ.

ಎರಡನೇದು ಮುಖ್ಯ. ಕ್ಯಾಟ್, ಅಂದ್ರೆ ಈ ಡಬ್ಬಿ, ತಾನಾಗೇ ಸಾಯಂಗಿಲ್ಲ, ಅದನ್ನ ಯಾರೋ ಕೊಂದಿರ್ತಾರೆ. ಯಾರು ಅಂತ ಹುಡುಕದೇ ಹೊಸದು ಹಾಕಿದ್ರೆ ಆರು ತಿಂಗಳಿಗೆ ಅದೂ ಹೋಗ್ತೈತಿ. ಒಂದು, ಪ್ಲಗ್‌ಗೆ ಕರೆಂಟ್ ಕೊಡೋ ಕಾಯಿಲ್ ಆಗ್ಲಿ ಪ್ಲಗ್ ಆಗ್ಲಿ ಹೋಗಿ ಒಂದು ಸಿಲಿಂಡರ್ ಮಿಸ್ಸಿಂಗ್ ಹೊಡೀತಿದ್ರೆ ಉರಿಯದ ಪೆಟ್ರೋಲ್ ಹಂಗೇ ಡಬ್ಬಿ ಒಳಗೆ ಹೋಗಿ ಅಲ್ಲಿ ಉರೀತೈತಿ, ಜೇನುಗೂಡು ಕೆಂಪಗಾಗಿ ಕರಗಿ ಬೆಲ್ಲದ ಅಚ್ಚಿನಂಗೆ ಗಟ್ಟಿ ಆಗ್ತೈತಿ. ನಾನು ಅಂಥವು ಎಷ್ಟೋ ಕುಯ್ದು ನೋಡೀನಿ. ಎರಡು, ರಿಂಗ್ ಸವೆದು ಇಂಜಿನ್ ಆಯಿಲ್ ಕುಡೀತಿದ್ರೆ ಆಯಿಲ್‌ನಾಗಿರೋ ರಂಜಕ, ಸತು ಎಲ್ಲ ಹೋಗಿ ಲೋಹದ ಮ್ಯಾಲೆ ಪದರ ಕಟ್ತಾವೆ. ಮೂರು, ಹೆಡ್ ಗ್ಯಾಸ್ಕೆಟ್ ಲೀಕ್ ಆಗಿ ಕೂಲೆಂಟ್ ಹೋಗ್ತಿದ್ರೆ ಅದೂ ಹಾಳು ಮಾಡ್ತೈತಿ. ನಾಕನೇದು ಕೆಳಗೆ ಕಲ್ಲು ತಾಗೋದು, ನಮ್ಮ ಹಂಪ್‌ಗಳು ಗೊತ್ತಲ್ಲ.

ಮೊದ್ಲು ಸ್ಕ್ಯಾನರ್ ಹಾಕ್ಸಿ ಕೋಡ್ ಇಲ್ಲಿ ಬರಿ.

ಪಿಬಿರೋಡ್_ರೈಡರ್
ಅಣ್ಣಾ ಅದೆಲ್ಲ ಸರಿ, ಆದ್ರೆ ತೆಗ್ದ್ ಮೇಲೆ ನನ್ ಗಾಡಿಗೆ ಪಿಕಪ್ ಬಂದಿದ್ದು ಸುಳ್ಳಾ?

ಹರಿಹರ_ಗ್ಯಾರೇಜ್_ಅಣ್ಣ
ಸುಳ್ಳಲ್ಲ ತಮ್ಮಾ. ಮೂಗು ಕಟ್ಟಿದೋನಿಗೆ ಮೂಗು ಬಿಟ್ರೆ ಉಸ್ರು ಬರ್ತೈತಿ. ಬ್ಲಾಕ್ ಆಗಿದ್ದು ತೆಗ್ದ್ರೆ ಪಿಕಪ್ ಬಂದೇ ಬರ್ತೈತಿ, ಹೊಸ ಕ್ಯಾಟ್ ಹಾಕಿದ್ರೂ ಅಷ್ಟೇ ಬರ್ತಿತ್ತು. ಚೆನ್ನಾಗಿರೋ ಕ್ಯಾಟ್ ತೆಗ್ದು ನಿನ್ ಗಾಡಿಲಿ ಓಡಿಸಿದ್ರೆ ಫರಕು ಕಾಣೋದು ಕಷ್ಟ. ಸೌಂಡ್ ಜಾಸ್ತಿ ಆಗಿದ್ದಕ್ಕೆ ಸ್ಪೀಡ್ ಜಾಸ್ತಿ ಆತು ಅನ್ಸೋದೂ ಐತಿ. ನಿನ್ ಗಾಡೀಲಿ ಚೆಕ್ ಇಂಜಿನ್ ಲೈಟ್ ಏನ್ ಮಾಡ್ದಿ? ಡಬ್ಬಿ ಹಿಂದಿರೋ ಆಕ್ಸಿಜನ್ ಸೆನ್ಸರ್ ಸುಮ್ನಿರಲ್ವಲ್ಲ.

ಪಿಬಿರೋಡ್_ರೈಡರ್
ಸೆನ್ಸರ್‌ನ ಹೊಗೆಯಿಂದ ಸ್ವಲ್ಪ ದೂರ ಇಡೋ ಸ್ಪೇಸರ್ ಹಾಕ್ಯಾರೆ.

ಹರಿಹರ_ಗ್ಯಾರೇಜ್_ಅಣ್ಣ
ಅಂದ್ರೆ ಕಂಪ್ಯೂಟರ್‌ಗೆ ಸುಳ್ಳು ಹೇಳಾಕ ಹಚ್ಚಾರೆ.

ಅಂಕಿಅಂಶ_ಅಕ್ಕ
ಎಮಿಷನ್ ಟೆಸ್ಟ್ ಪಾಸ್ ಆಯ್ತು ಅಂದ್ರಲ್ಲ ರೈಡರ್ ಅವರೇ, ಅದರ ಬಗ್ಗೆ ನಾನು ಹೇಳ್ತೀನಿ. ನಮ್ಮಲ್ಲಿ ಪೆಟ್ರೋಲ್ ಕಾರಿಗೆ ಗಾಡಿ ನಿಂತಲ್ಲೇ ಟೆಸ್ಟ್ ಮಾಡ್ತಾರೆ. ಬಿಎಸ್ 4 ಕಾರಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ 0.3 ಪರ್ಸೆಂಟ್, ಹೈಡ್ರೋಕಾರ್ಬನ್ 200 ಪಿಪಿಎಂ (ಹತ್ತು ಲಕ್ಷಕ್ಕೆ 200 ಭಾಗ) ಮಿತಿ. ನಾಕ್ಸ್ ಅಳೆಯೋದೇ ಇಲ್ಲ! ರೋಡಲ್ಲಿ ಲೋಡ್ ಎಳೆಯುವಾಗ ಜಾಸ್ತಿ ಬರೋದೇ ನಾಕ್ಸ್. ಹಾಗಾಗಿ ಪೇಪರ್ ಸಿಕ್ತು ಅಂದ ಮಾತ್ರಕ್ಕೆ ಗಾಡಿ ಕ್ಲೀನ್ ಅಂತ ಅಲ್ಲ. ಸಾಲದ್ದಕ್ಕೆ ಗಾಡೀನೇ ನೋಡದೆ ಪೇಪರ್ ಕೊಡೋ ಕಡೆಗಳೂ ಇವೆ, ನಂಗೇ ಒಂದು ಸಲ ಹಂಗೆ ಕೊಟ್ಟಿದ್ದಾರೆ, ನಾನು ಬೈದು ಪೈಪಿಗೆ ಪ್ರೋಬ್ ಹಾಕ್ಸಿ ಮತ್ತೆ ಮಾಡಿಸ್ದೆ.

ಇನ್ನೊಂದು, ಕಂಪನಿ ಕೊಟ್ಟಿರೋ ಗಾಡೀನ ಹಿಂಗೆ ಬದಲಾಯಿಸೋದು ಮೋಟಾರು ವಾಹನ ಕಾಯ್ದೆ ಸೆಕ್ಷನ್ 52ರ ಪ್ರಕಾರ ತಪ್ಪು.

ಪಿಬಿರೋಡ್_ರೈಡರ್
ನಾಕ್ಸ್ ಅಳೆಯಲ್ಲ ಅನ್ನೋದು ಗೊತ್ತಿರ್ಲಿಲ್ಲ ಅಕ್ಕ. ಆದ್ರೂ 32 ಸಾವಿರ ಎಲ್ಲಿಂದ ತರೋದು, ಅದನ್ನೂ ಹೇಳ್ರಿ. ಎಲ್ರಿಗೂ ಸಂಬಳ ಇರಲ್ಲ.

ಅಂಕಿಅಂಶ_ಅಕ್ಕ
ಆ ಮಾತು ಒಪ್ತೀನಿ. ಅದಕ್ಕೇ ಹರಿಹರದ ಅಣ್ಣ ಹೇಳಿದಂಗೆ 2 ಸಾವಿರದ ಕಾಯಿಲ್ ಹೋದಾಗಲೇ ಬದಲಾಯಿಸಬೇಕು.

ಹಳೇ_ದಾವಣಗೆರೆ_ತಾತ
ಮಿಲ್ಲಿನ ಸೈರನ್ ಕೇಳಿ ಗಡಿಯಾರ ತಿರುಗಿಸ್ಕೊಳ್ತಿದ್ದ ಕಾಲದಿಂದ ಈ ಊರ್ನಾಗೆ ಗಾಡಿ ಓಡ್ಸೀನಿ. ಅಪ್ಪನ ಕಾಲದ ಕಾರು ಓಡ್ಲಿಲ್ವಾ ಅಂತ ಕೇಳಿದ್ರಲ್ಲ, ಓಡಿದ್ವು, ನಾವೂ ಆ ಹೊಗೆ ಕುಡುದ್ವಿ, ಸೀಸ ಸಮೇತ. ಆಗ ಪೆಟ್ರೋಲ್‌ಗೆ ಸೀಸ ಬೆರೆಸ್ತಿದ್ರು, ಇಂಜಿನ್ ಬಡಿಯಬಾರ್ದು ಅಂತ. ಮಕ್ಕಳ ಮೆದುಳಿಗೆ ಅದು ವಿಷ.

ಕ್ಯಾಟಲಿಟಿಕ್ ಕನ್ವರ್ಟರ್ ವಿಚಾರ ಹೊಸದಲ್ಲ. ಯುಜೀನ್ ಹೌಡ್ರಿ ಅಂತ ಒಬ್ಬ ಫ್ರೆಂಚ್ ಇಂಜಿನಿಯರು ಅಮೆರಿಕಕ್ಕೆ ಹೋಗಿ 1950ರ ದಶಕದಾಗೇ ಮಾಡಿದ್ದ. ಆದ್ರೆ ಪೆಟ್ರೋಲ್‌ನಾಗಿನ ಸೀಸ ಲೋಹದ ಮ್ಯಾಲೆ ಕೂತು ಮುಚ್ಚಿಬಿಡ್ತಿತ್ತು, ಹಂಗಾಗಿ ಮೂಲೆಗೆ ಬಿತ್ತು. ಅಮೆರಿಕದಾಗೆ 1970ರ ಕಾನೂನು ಬಂದ ಮ್ಯಾಲೆ 1975ರ ಮಾಡೆಲ್ ಕಾರುಗಳಿಗೆ ಹಾಕಿದ್ರು. ನಮ್ಮ ದೇಶದಾಗೆ 1995ರ ಏಪ್ರಿಲ್‌ನಿಂದ ನಾಕು ಮಹಾನಗರದ ಹೊಸ ಪೆಟ್ರೋಲ್ ಕಾರುಗಳಿಗೆ ಕಡ್ಡಾಯ ಮಾಡಿ ಅಲ್ಲಿ ಸೀಸ ಇಲ್ಲದ ಪೆಟ್ರೋಲ್ ಕೊಟ್ರು. ದೇಶಕ್ಕೆಲ್ಲ ಸೀಸ ನಿಂತಿದ್ದು 2000ದ ಫೆಬ್ರವರಿಗೆ. ಅಂದ್ರೆ ಡಬ್ಬಿ ಬಂದಿದ್ದಕ್ಕೆ ಹೊಗೆ ಕಮ್ಮಿ ಆತು, ಡಬ್ಬಿ ಬದುಕ್ಬೇಕು ಅಂತ ಸೀಸನೂ ಹೋತು. ಎರಡು ಪುಣ್ಯ.

ಚಳ್ಳಕೆರೆ_ಎಣ್ಣೆಮಿಲ್
ನಮ್ಮೂರು ಶೇಂಗಾ ಎಣ್ಣೆ ಊರು, ಹಂಗಾಗಿ ಈ ವೇಗವರ್ಧಕ ಅನ್ನೋ ಪದ ನಮಗೆ ಹೊಸದಲ್ಲ ಕಣ್ರಿ. ಎಣ್ಣೇನ ಗಟ್ಟಿ ಮಾಡಿ ವನಸ್ಪತಿ ಮಾಡಾಕೆ ನಿಕ್ಕಲ್ ಪುಡಿ ಹಾಕಿ ಹೈಡ್ರೋಜನ್ ಬಿಡ್ತಾರೆ, ಆಮೇಲೆ ಆ ನಿಕ್ಕಲ್ ಸೋಸಿ ತೆಗ್ದು ಮತ್ತೆ ಬಳಸ್ತಾರೆ. ನನ್ ಪ್ರಶ್ನೆ ಏನಂದ್ರೆ ನಿಕ್ಕಲ್ ಅಗ್ಗ ಐತೆ, ಕಾರಿಗೂ ಅದನ್ನೇ ಹಾಕ್ಬೋದಲ್ಲ? ಈ ಪ್ಲಾಟಿನಂ ಶೋಕಿ ಯಾಕೆ?

ದುರ್ಗದ_ಕೆಮಿಸ್ಟ್ರಿ_ಮೇಷ್ಟ್ರು
ಎಣ್ಣೆಮಿಲ್ ಅಣ್ಣ, ನಿಕ್ಕಲ್ ತಾಮ್ರ ಎಲ್ಲ ಹಾಕಿ ನೋಡಿದ್ದಾರೆ. ವನಸ್ಪತಿ ಪಾತ್ರೆ ಇನ್ನೂರು ಡಿಗ್ರಿ ಹತ್ರ ಶಾಂತವಾಗಿ ಕೂತಿರುತ್ತೆ. ಕಾರಿನ ಡಬ್ಬಿ ಹಂಗಲ್ಲ, ಒಂದು ನಿಮಿಷ ತಣ್ಣಗೆ, ಇನ್ನೊಂದು ನಿಮಿಷಕ್ಕೆ 800 ಡಿಗ್ರಿ, ಮೇಲೆ ಆವಿ, ಗಂಧಕ. ಅಗ್ಗದ ಲೋಹಗಳು ಆಕ್ಸೈಡ್ ಆಗಿ, ಗಂಧಕ ಹಿಡಿದು ಬೇಗ ಸತ್ತು ಹೋಗ್ತವೆ. ಪ್ಲಾಟಿನಂ ಗುಂಪಿನ ಲೋಹಗಳು ತಡ್ಕೊಳ್ತವೆ. ಗಂಧಕ ಇವಕ್ಕೂ ಆಗಲ್ಲ, ಅದಕ್ಕೇ ಬಿಎಸ್ 4ರಲ್ಲಿ 50 ಪಿಪಿಎಂ ಇದ್ದ ಗಂಧಕವನ್ನ 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಬಂದಾಗ 10ಕ್ಕೆ ಇಳಿಸಿದ್ದು.

ಒಂದು ಅಗ್ಗದ ಪದಾರ್ಥ ಮಾತ್ರ ಒಳಗೆ ಇದ್ದೇ ಇದೆ, ಸೀರಿಯಂ ಆಕ್ಸೈಡ್. ಮೊದಲ ಪೋಸ್ಟಲ್ಲಿ ಹೇಳೋದು ಬಿಟ್ಟೆ. ಪೆಟ್ರೋಲ್ 1 ಕೆಜಿಗೆ ಗಾಳಿ 14.7 ಕೆಜಿ ಇದ್ರೆ ಮಾತ್ರ ಮೂರೂ ವಿಷ ಒಟ್ಟಿಗೆ ಹೋಗೋದು. ಆಕ್ಸಿಜನ್ ಜಾಸ್ತಿ ಆದ್ರೆ ನಾಕ್ಸ್ ಒಡೆಯಲ್ಲ, ಕಮ್ಮಿ ಆದ್ರೆ ಮೊನಾಕ್ಸೈಡ್ ಉರಿಯಲ್ಲ. ಸೆನ್ಸರ್ ನೋಡ್ಕೊಂಡು ಕಂಪ್ಯೂಟರ್ ಆ ಕಡೆ ಈ ಕಡೆ ತೂಗ್ತಾನೇ ಇರುತ್ತೆ. ಸೀರಿಯಂ ಕಣಜ ಇದ್ದಂಗೆ, ಸುಗ್ಗೀಲಿ ಆಕ್ಸಿಜನ್ ತುಂಬ್ಕೊಂಡು ಬರಗಾಲದಲ್ಲಿ ಬಿಟ್ಟುಕೊಡುತ್ತೆ. ಹಿಂದಿನ ಸೆನ್ಸರ್ ನೋಡೋದು ಈ ಕಣಜ ಖಾಲಿ ಆಗಿದ್ಯಾ ಅಂತಾನೇ.

ಚನ್ನಗಿರಿ_ಅಡಿಕೆ
ಪ್ಲಾಟಿನಂ ಅಂದಿದ್ದಕ್ಕೆ ನೆನಪಾತು, ನಮ್ಮ ತಾಲ್ಲೂಕಿನ ಹನುಮಲಾಪುರದ ಕಡೆ ಬಂಡೆನಾಗೆ ಪ್ಲಾಟಿನಂ, ಪಲ್ಲಾಡಿಯಂ ಐತಿ ಅಂತ ಜಿಎಸ್‌ಐನೋರು (ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ) ಬೋರ್ ಹೊಡ್ದು ಪತ್ತೆ ಮಾಡ್ಯಾರೆ. ಯಾರಿಗಾದ್ರೂ ಗೊತ್ತಾ? ನಮ್ಮ ಕಾಲ ಕೆಳಗೇ ಐತಿ ನೋಡ್ರಿ.

ಮಂಡಕ್ಕಿ_ಮೆಣಸಿನಕಾಯಿ
ಏನು!! ನಮ್ಮ ಜಿಲ್ಲೇನಾಗಾ? ಹಂಗಾದ್ರೆ ಅಗೀಬೇಕಪ್ಪ, ಊರಿನ ಹುಡುಗ್ರಿಗೆ ಕೆಲ್ಸ ಆದ್ರೂ ಸಿಗ್ತೈತಿ.

ಚನ್ನಗಿರಿ_ಅಡಿಕೆ
ಅಗಿಯೋದು ಅಂದ್ರೆ ಅಷ್ಟು ಸಲೀಸಾ? ತೋಟ ಐತಿ, ಕಾಡೈತಿ, ಆನೆ ಬರೋ ಜಾಗ. ಬಳ್ಳಾರಿ ಕಡೆ ಅಗ್ದು ಏನಾತು ನೋಡಿದ್ವಲ್ಲ, ಧೂಳು ತಿನ್ನೋರು ನಾವು.

ದುರ್ಗದ_ಕೆಮಿಸ್ಟ್ರಿ_ಮೇಷ್ಟ್ರು
ಚನ್ನಗಿರಿಯವರು ಹೇಳಿದ್ದು ನಿಜ, ಹನುಮಲಾಪುರದ ಹೆಸರು ಭೂವಿಜ್ಞಾನದೋರಿಗೆ ಚೆನ್ನಾಗಿ ಗೊತ್ತು. ನಮ್ಮ ಇಂಗಳದಾಳಲ್ಲಿ ತಾಮ್ರದ ಗಣಿ ಇದ್ದಿದ್ದೂ ಈ ಸೀಮೆಯ ಹಳೇ ಬಂಡೆಗಳ ಭಾಗ್ಯಾನೇ. ಆದ್ರೆ ಜಗತ್ತಿನ ಒಳ್ಳೇ ಗಣಿಗಳಲ್ಲೇ ಒಂದು ಟನ್ ಅದಿರಿಗೆ ಈ ಲೋಹ ಸಿಗೋದು ಕೆಲವೇ ಗ್ರಾಂ. ಪ್ಲಾಟಿನಂ, ರೋಡಿಯಂ ಬಹುಪಾಲು ದಕ್ಷಿಣ ಆಫ್ರಿಕಾದಿಂದ ಬರುತ್ತೆ, ಪಲ್ಲಾಡಿಯಂ ರಷ್ಯಾ ಮತ್ತೆ ದಕ್ಷಿಣ ಆಫ್ರಿಕಾ ಎರಡೂ ಕಡೆಯಿಂದ. ಹಳೇ ಕ್ಯಾಟ್‌ನ ಸೆರಾಮಿಕ್ ಒಂದು ಟನ್ ಕುಟ್ಟಿದ್ರೆ ಅದಿರಿಗಿಂತ ನೂರಾರು ಪಟ್ಟು ಜಾಸ್ತಿ ಲೋಹ ಸಿಗುತ್ತೆ. ಗುಡ್ಡಕ್ಕಿಂತ ಗುಜರಿ ಶ್ರೀಮಂತ. 2021ರಲ್ಲಿ ರೋಡಿಯಂ ಬೆಲೆ ಔನ್ಸಿಗೆ 29,000 ಡಾಲರ್ ಹತ್ರ ಹೋಗಿತ್ತು, ಔನ್ಸ್ ಅಂದ್ರೆ 31 ಗ್ರಾಂ. ಆಮೇಲೆ ಇಳೀತು. ತಮ್ಮಾ, ನಿಂಗೆ 5000 ಕೊಡೋಕೆ ಬಂದಿದ್ದು ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ಹದಡಿರೋಡ್_ಹುಡುಗ
ಗೊತ್ತಾತು ಸರ್. ನಾಳೆ ಸ್ಕ್ಯಾನಿಂಗ್ ಮಾಡಿಸ್ತೀನಿ, ಬೇರೆ ಕಡೆ.

ಆರು_ಚಕ್ರ
ಡೀಸೆಲ್ ಲಾರಿ ಬಗ್ಗೆ ಯಾರೂ ಮಾತಾಡ್ತಿಲ್ಲ. ನಂದು ಎರಡು ಗಾಡಿ, ಹಿರಿಯೂರು ಹುಬ್ಬಳ್ಳಿ ಲೈನು. ಬಿಎಸ್ 6 ಬಂದಾಗಿಂದ ಯೂರಿಯಾ ನೀರು ಹಾಕೀ ಹಾಕೀ ಸಾಕಾಗೈತೆ. ಯಾಕೆ ಡೀಸೆಲ್‌ಗೆ ಈ ಪ್ಲಾಟಿನಂ ಡಬ್ಬಿ ಒಂದೇ ಸಾಕಾಗಲ್ವಾ? ಇನ್ನೊಂದು, ಸೊಸೈಟಿಲಿ ಸಿಗೋ ಯೂರಿಯಾ ಚೀಲ ತಂದು ನೀರಿಗೆ ಕಲಸಿ ಹಾಕಿದ್ರೆ ಆಗುತ್ತೆ ಅಂತ ಒಬ್ಬ ಹೇಳ್ತಿದ್ದ.

ಹರಿಹರ_ಗ್ಯಾರೇಜ್_ಅಣ್ಣ
ದಯವಿಟ್ಟು ಹಾಕ್ಬ್ಯಾಡ್ರಿ!! ಒಂದು ಗಾಡಿ ಹಂಗೇ ಬಂದಿತ್ತು, ಇಂಜೆಕ್ಟರ್ ತುದೀಲಿ ಬಿಳೀ ಗಡ್ಡೆ ಕಟ್ಟಿತ್ತು, ಪಂಪೂ ಹೋಗಿತ್ತು, ಓನರ್ ಕಣ್ಣಾಗೆ ನೀರು. ಹೊಲದ ಯೂರಿಯಾಕ್ಕೆ ಬೇವಿನೆಣ್ಣೆ ಲೇಪ ಇರ್ತೈತಿ, 2015ರಿಂದ ಎಲ್ಲಾ ಯೂರಿಯಾನೂ ಹಂಗೇ ಬರೋದು. ಮ್ಯಾಲೆ ನಮ್ಮ ಬೋರ್ ನೀರಿನ ಉಪ್ಪು. ಗಾಡಿಗೆ ಹಾಕೋದು 32.5 ಪರ್ಸೆಂಟ್ ಶುದ್ಧ ಯೂರಿಯಾ, ಉಳಿದಿದ್ದು ಉಪ್ಪಿಲ್ಲದ ಶುದ್ಧ ನೀರು. ರೈತರಿಗೆ ಸಬ್ಸಿಡಿಲಿ ಬರೋದು ಲಾರಿಗೆ ಸುರಿಯೋದು ಅಪರಾಧ ಬೇರೆ.

ದುರ್ಗದ_ಕೆಮಿಸ್ಟ್ರಿ_ಮೇಷ್ಟ್ರು
ಯಾಕೆ ಬೇಕು ಅಂದ್ರೆ, ಡೀಸೆಲ್ ಇಂಜಿನ್ ಯಾವಾಗ್ಲೂ ಬೇಕಾದ್ದಕ್ಕಿಂತ ಹೆಚ್ಚು ಗಾಳಿ ಎಳ್ಕೊಂಡು ಓಡುತ್ತೆ. ಹೊಗೇಲಿ ಆಕ್ಸಿಜನ್ ಧಾರಾಳ. ಮೊನಾಕ್ಸೈಡ್ ಸುಡೋಕೆ ಅದು ಒಳ್ಳೇದು, ಮುಂದಿನ ಪ್ಲಾಟಿನಂ ಡಬ್ಬಿ ಆ ಕೆಲಸ ಮಾಡುತ್ತೆ. ಆದ್ರೆ ಅಷ್ಟು ಆಕ್ಸಿಜನ್ ಇರುವಾಗ ನಾಕ್ಸ್‌ನಿಂದ ಆಕ್ಸಿಜನ್ ಕೀಳೋಕೆ ರೋಡಿಯಂ ಕೈಲಿ ಆಗಲ್ಲ. ಅದಕ್ಕೆ ಹೊರಗಿಂದ ಯೂರಿಯಾ ಸಿಂಪಡಿಸ್ತಾರೆ, ಬಿಸಿಗೆ ಅಮೋನಿಯಾ ಆಗುತ್ತೆ, ಅಮೋನಿಯಾ ಹಿಂದಿನ ಡಬ್ಬೀಲಿ ನಾಕ್ಸ್ ಜೊತೆ ಸೇರಿ ನೈಟ್ರೋಜನ್ ಮತ್ತೆ ನೀರು. ಆ ಡಬ್ಬೀಲಿ ಪ್ಲಾಟಿನಂ ಬೇಕಿಲ್ಲ, ತಾಮ್ರ ಕೂರಿಸಿದ ಜಿಯೋಲೈಟ್ (ತೀರಾ ಸಣ್ಣ ತೂತುಗಳಿರೋ ಖನಿಜ), ಇಲ್ಲಾಂದ್ರೆ ವನೇಡಿಯಂ ಇರುತ್ತೆ. ಮಸಿಗೆ ಬೇರೆ ಫಿಲ್ಟರ್.

ಆರು_ಚಕ್ರ
ಈಗ ತಿಳೀತು ಸರ್. ಯೂರಿಯಾ ಬೇಡ ಅಂತ ಸರ್ಕ್ಯೂಟ್ ಹಾಕ್ಕೊಡೋರು ಇದಾರೆ, ನಾನು ಹಾಕ್ಸಿಲ್ಲ. ಕ್ಲೀನರ್ ಹುಡುಗ ದಿನಾ ಗಾಡಿ ಹಿಂದೇನೇ ನಿಂತು ರಿವರ್ಸ್ ಹೇಳ್ತಾನೆ, ಹೊಗೆ ಅವನ ಮುಖಕ್ಕೇ ಹೊಡೆಯೋದು.

ಬೆಣ್ಣೆದೋಸೆ_ಭಕ್ತ
ಇಷ್ಟೆಲ್ಲ ಓದಿದೆ, ಒಂದು ಪ್ರಶ್ನೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಹೊಗೆ ವಾಸ್ನೆ ಜಾಸ್ತಿ ಬರ್ತೈತಿ, ಐದು ನಿಮಿಷ ಓಡಿದ್ಮೇಲೆ ಇರಲ್ಲ. ಯಾಕೆ?

ಹರಿಹರ_ಗ್ಯಾರೇಜ್_ಅಣ್ಣ
ನೀನು ದೋಸೆ ಭಕ್ತ, ನಿಂಗೆ ಗೊತ್ತಿರಬೇಕಿತ್ತು. ಹಂಚು ಕಾಯೋವರ್ಗೂ ದೋಸೆ ಏಳ್ತೈತಾ? ಇದೂ ಹಂಗೇ, ಡಬ್ಬಿ 250, 300 ಡಿಗ್ರಿ ಮುಟ್ಟೋವರ್ಗೂ ಲೋಹ ಸುಮ್ನೆ ಕೂತಿರ್ತೈತಿ, ಹೊಗೆ ಹಂಗಂಗೇ ಹೊರಗೆ.

ಬೆಣ್ಣೆದೋಸೆ_ಭಕ್ತ
ಆಹಾ, ಇದು ಒಂದೇ ಸಲಕ್ಕೆ ಅರ್ಥ ಆತು. ಮೊದಲ್ನೇ ದೋಸೆ ಯಾವತ್ತೂ ಹಂಚಿಗೇ.

ದುರ್ಗದ_ಕೆಮಿಸ್ಟ್ರಿ_ಮೇಷ್ಟ್ರು
ಹದಡಿರೋಡ್ ತಮ್ಮಾ, ಈ ಮಾತು ನಿಂಗೇ. ಚೆನ್ನಾಗಿರೋ ಕ್ಯಾಟ್ ಇದ್ರೂ ಸ್ಟಾರ್ಟ್ ಆದ ಮೊದಲ ಒಂದೆರಡು ನಿಮಿಷದ ಹೊಗೆ ತೀರಾ ಕೆಟ್ಟದು. ಗಲ್ಲೀಲಿ ನಿಲ್ಲಿಸ್ಕೊಂಡು ಇಂಜಿನ್ ಬಿಸಿ ಮಾಡಬೇಡ, ಐಡ್ಲಿಂಗ್‌ನಲ್ಲಿ ಡಬ್ಬಿ ಕಾಯೋದೂ ನಿಧಾನ. ಆಗೋದಾದ್ರೆ ಗಾಡಿ ರಸ್ತೆ ತುದೀಲಿ ನಿಲ್ಲಿಸು, ಸ್ಟಾರ್ಟ್ ಮಾಡಿ ಮೆತ್ತಗೆ ಹೊರಟುಬಿಡು. ಆ ಹೊತ್ತಿಗೆ ಅಮ್ಮನ ಕಿಟಕಿ ಮುಚ್ಚಿರಲಿ.

ಪಾಲಕ_ವಿದ್ಯಾನಗರ
ಬೈಕ್ ಬಗ್ಗೆನೂ ಯಾರಾದ್ರೂ ಬರೀರಿ. ನನ್ ಮಗ ಇಂಜಿನಿಯರಿಂಗ್ ಓದ್ತಾನೆ, ಕಂಪನಿ ಸೈಲೆನ್ಸರ್ ತೆಗ್ದು ಡುಗುಡುಗು ಅನ್ನೋದು ಹಾಕ್ಸಿದ್ದ. ಅದ್ರೊಳಗೂ ಕ್ಯಾಟ್ ಇತ್ತಂತೆ, ಅದನ್ನ ಗುಜರಿಗೆ 400 ರೂಪಾಯಿಗೆ ಕೊಟ್ಟಿದಾನೆ.

ಹರಿಹರ_ಗ್ಯಾರೇಜ್_ಅಣ್ಣ
ಹೌದ್ರಿ, ಬೈಕ್‌ಗೂ ಇರ್ತೈತಿ. ಮಗನಿಗೆ ಈ ಚರ್ಚೆ ಓದಾಕ ಕೊಡ್ರಿ.

ಹದಡಿರೋಡ್_ಹುಡುಗ
ಹತ್ತು ದಿನ ಆತು, ಅಪ್‌ಡೇಟ್ ಕೊಡ್ತೀನಿ. ಸ್ಕ್ಯಾನರ್ ಹಾಕ್ಸಿದ್ರೆ ಎರಡು ಕೋಡ್ ಬಂದ್ವು, ಪಿ0302 ಮತ್ತೆ ಪಿ0420. ಮೊದಲ್ನೇದು ಎರಡನೇ ಸಿಲಿಂಡರ್ ಮಿಸ್ಸಿಂಗ್ ಅಂತೆ, ಎರಡನೇದು ಕ್ಯಾಟ್ ಕೆಲ್ಸ ಮಾಡ್ತಿಲ್ಲ ಅಂತ. ಹರಿಹರದ ಅಣ್ಣ ಹೇಳಿದಂಗೇ ಕಾಯಿಲ್ ಹೋಗಿತ್ತು. ಕಾಯಿಲ್, ನಾಕೂ ಪ್ಲಗ್ ಹಾಕ್ಸಿದೆ, ಮಿಸ್ಸಿಂಗ್ ನಿಂತು. ಆದ್ರೆ ಪ್ರೆಷರ್ ಗೇಜ್ ಹಾಕಿ ನೋಡಿದ್ರೆ ಬ್ಲಾಕ್ ನಿಜವೇ, 300 ಕಿಲೋಮೀಟರ್ ಓಡಿಸಿದ್ ಮ್ಯಾಲೆ ಪಿ0420 ಮತ್ತೆ ಬಂತು. ಎರಡು ತಿಂಗಳು ಆ ಲೈಟ್ ನೋಡ್ಕೊಂಡು ಓಡಿಸಿದ್ನಲ್ಲ, ಅಷ್ಟರಾಗೆ ಕರಗಿತ್ತು.

ಕೊನೆಗೆ ಹೊಸದೇ ಹಾಕ್ಸಿದೆ. ಕಂಪನಿದಲ್ಲ, ಬೇರೆ ತಯಾರಕರ ಬಿಎಸ್ 4 ಕ್ಯಾಟ್, ಫಿಟ್ಟಿಂಗ್ ಸೇರಿ 14 ಸಾವಿರ. ತಮ್ಮ ಅರ್ಧ ಕೊಟ್ಟ. ಎಮಿಷನ್ ಟೆಸ್ಟ್‌ಗೆ ನಾನೇ ನಿಂತು ಪ್ರೋಬ್ ಹಾಕ್ಸಿದೆ, ಕಾರ್ಬನ್ ಮೊನಾಕ್ಸೈಡ್ 0.02 ಬಂತು, ಮೊದ್ಲು ಅದೇ ಮಷಿನ್‌ನಾಗೆ 1.4 ಇತ್ತು. ಗಾಡಿ ಈಗ ರಾತ್ರಿ ಗಲ್ಲಿ ತುದಿ ಬೇವಿನ ಮರದ ಕೆಳಗೆ ನಿಲ್ತೈತಿ. ಅಮ್ಮ ಬೆಳಿಗ್ಗೆ ಕೆಮ್ಮೋದು ಒಂಚೂರು ಕಮ್ಮಿ ಆಗೈತಿ ಅನ್ನಿಸ್ತೈತಿ, ಅದು ಗಾಡಿಯಿಂದಲೋ ಮಳೆ ಬಂದು ಧೂಳು ಕೂತಿದ್ದಕ್ಕೋ ನಂಗೆ ಹೇಳಾಕೆ ಬರಲ್ಲ.

ಪಿಬಿರೋಡ್_ರೈಡರ್
14ಕ್ಕೆ ಆಗುತ್ತಾ? ನಂಗೆ 30ರ ಮೇಲೆ ಅಂತಾನೇ ಹೇಳಿದ್ರು. ಎಲ್ಲಿ ಹಾಕ್ಸಿದ್ದು, ನಂಬರ್ ಮೆಸೇಜ್ ಮಾಡು ಬ್ರೋ. ಮನೇಲಿ ಪಾಪು ಐತಿ, ನಾನೂ ಯೋಚ್ನೆ ಮಾಡ್ತೀನಿ.

ಹರಿಹರ_ಗ್ಯಾರೇಜ್_ಅಣ್ಣ
ಹಳೇದು ಏನ್ ಮಾಡ್ದಿ?

ಹದಡಿರೋಡ್_ಹುಡುಗ
ಮನೇಲೇ ಐತಿ ಅಣ್ಣ. ಕೊಯ್ಸಿ ನೋಡ್ದೆ, ಅರ್ಧ ಜೇನುಗೂಡು ಹಂಗೇ ಐತಿ, ಇನ್ನರ್ಧ ನೀವಂದ ಬೆಲ್ಲದ ಅಚ್ಚೇ.

ದುರ್ಗದ_ಕೆಮಿಸ್ಟ್ರಿ_ಮೇಷ್ಟ್ರು
ಅದನ್ನ ಗುಜರಿಗೆ ಹಾಕೋ ಮುಂಚೆ ಒಂದು ವಾರ ನಂಗೆ ಕೊಡ್ತೀಯಾ ತಮ್ಮಾ? ಬೋರ್ಡ್ ಮೇಲೆ ಎಷ್ಟು ಚಿತ್ರ ಬರೆದ್ರೂ ಮಕ್ಕಳು ಇಂಥದ್ದನ್ನ ಕಣ್ಣಾರೆ ನೋಡಿಲ್ಲ. ಕರಗಿದ ಕಡೆ ಕೈ ಹಾಕಿ ಪುಡಿ ಮಾಡಬೇಡ, ಆ ಧೂಳು ಮೂಗಿಗೆ ಹೋಗಬಾರದು, ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಡು.

ಹದಡಿರೋಡ್_ಹುಡುಗ
ಕಟ್ಟಿಟ್ಟೀನಿ ಸರ್. ಭಾನುವಾರ ದುರ್ಗಕ್ಕೆ ಬರೋದೈತಿ, ನಾನೇ ತಂದು ಕೊಡ್ತೀನಿ. ಎಲ್ಲಿಗೆ ಬರ್ಲಿ?